ಮ್ಯಾಮತ್ ಹೊಡೆದ ಕೋವಿ

ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಪೂಣಚ್ಚನವರ ಮುತ್ತಜ್ಜನ ಕಾಲದ ಕೋವಿಗೆ ಇದು ಅವಮಾನವೆನಿಸಿತು.

"ನಾನು ಆನೆ ಹೊಡೆಯಲೆಂದೇ ಹುಟ್ಟಿದವನು. ಮೊನ್ನೆ ಕನಸಿನಲ್ಲಿ, ಸರಕಾರವೇ ಕಾಯುವ ಹುಲಿಯನ್ನು ಒಂದೇ ಗುಂಡಿಗೆ ಕೆಡವಿದೆ. ನಿನ್ನೆ, ಭೂಮಿಯ ಮೇಲೆ ಈಗ ಇಲ್ಲವೇ ಇಲ್ಲದ ಮ್ಯಾಮತ್ ಎಂಬ ದೈತ್ಯ ಆನೆಯನ್ನು! ನಿನ್ನಂಥ ಕಾಯಿ ನನಗೆ ತಕ್ಕ ಬೇಟೆಯೇ?" ಎಂದಿತು.

"ಕಟ್ಟಿಹಾಕಿದ್ದಾರೆ ಸ್ವಾಮಿ, ಓಡಲಾರೆ. ಬೇಗ ಮುಗಿಸಿಬಿಡಿ" ಎಂದು ತೆಂಗಿನಕಾಯಿ ಮೂರೂ ಕಣ್ಣು ಮುಚ್ಚಿಕೊಂಡಿತು.

ಪೂಣಚ್ಚನವರು ಗುರಿಯಿಟ್ಟು ಕೋವಿಯ ಕುದುರೆ ಎಳೆದರು. ಢಂ! ಪಕ್ಕದ ಕೊಂಬೆಯಿಂದ ಎಲೆಯೊಂದು ಉದುರಿತು.

ತೆಂಗಿನಕಾಯಿ ಮೆಲ್ಲಗೆ ಒಂದು ಕಣ್ಣು ತೆರೆಯಿತು.

"ಬೇಸರ ಮಾಡಿಕೊಳ್ಳಬೇಡಿ ಸ್ವಾಮಿ. ರಾತ್ರಿ ಮಲಗಿದ ಮೇಲೆ ಹೊಡೆಯುವಿರಂತೆ."