ಕಡವಿನಿಂದ ಬಂದ ಛತ್ರ

"ಗುರುಗಳೇ, ಹಿರಿಯರು ಬಿಟ್ಟುಹೋದುದನ್ನು ಕಾಪಾಡುವುದು ಎಂದರೇನು? ಅದಕ್ಕೆ ಒಂದು ಗೀರೂ ಬೀಳದಂತೆ ನೋಡಿಕೊಂಡರೆ ಸಾಕಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ವರ್ತಕ ನದಿಯ ಕಡವಿನಲ್ಲಿ ಮರದ ಛತ್ರವೊಂದನ್ನು ಕಟ್ಟಿಸಿದ. ದೋಣಿ ತಪ್ಪಿದವರು ಅಲ್ಲಿ ಉಂಡು ಮಲಗಿ, ಬೆಳಗಾದ ಮೇಲೆ ನದಿ ದಾಟುತ್ತಿದ್ದರು. ಅವನು ತೀರಿಕೊಂಡ ಮೇಲೆ ನದಿಗೆ ಬೇರೊಂದು ಕಡೆ ಸೇತುವೆಯಾಯಿತು. ದಾರಿ ಅತ್ತ ಹೊರಳಿತು. ದೋಣಿ ನಿಂತಿತು. ಛತ್ರಕ್ಕೆ ಯಾರೂ ಬರದಾದರು. ಜಗಲಿಯ ಮೇಲೆ ಆಡುಗಳು ಮಲಗಿದವು, ಕಂಬಗಳಿಗೆ ಗೆದ್ದಲು ಹಿಡಿಯಿತು.

ವರ್ತಕನಿಗೆ ಒಬ್ಬಳು ಮೊಮ್ಮಗಳಿದ್ದಳು. ಅಜ್ಜ ಕಟ್ಟಿಸಿದ್ದು ಕಣ್ಣೆದುರೇ ಕುಸಿಯುವುದನ್ನು ಆಕೆಗೆ ನೋಡಲಾಗಲಿಲ್ಲ. ಛತ್ರವನ್ನೇ ಬಿಚ್ಚಿ ಸೇತುವೆಯ ಬಳಿಗೆ ಒಯ್ಯುತ್ತೇನೆ ಎಂದಳು. ಊರಿನವರು ನಕ್ಕರು. ಆಕೆ ಬಡಗಿಯನ್ನು ಕರೆಸಿದಳು. ಅವನು ಪ್ರತಿ ತೊಲೆಗೂ ಪ್ರತಿ ಕಂಬಕ್ಕೂ ಗುರುತು ಹಾಕಿ ಬಿಚ್ಚಿಸಿದ. ಇಡೀ ಮನೆಯೊಂದು ಗಾಡಿ ಏರಿ ಹೊರಟಾಗ, ನಕ್ಕವರೇ ಬಂದು ಗಾಲಿಗೆ ಕೈ ಕೊಟ್ಟರು.

ಸೇತುವೆಯ ಬಳಿ ಛತ್ರ ಮತ್ತೆ ಎದ್ದು ನಿಂತಿತು. ಗೆದ್ದಲು ತಿಂದ ಕಡೆ ಮಾತ್ರ ಹೊಸ ಮರ ಸೇರಿತು. ಜನರ ಕಾಲಿಗೆ ಸವೆದ ಹೊಸ್ತಿಲನ್ನು ಬದಲಿಸಲು ಬಡಗಿ ಹೊರಟಾಗ ಆಕೆ ಬಿಡಲಿಲ್ಲ. ಒಲೆಯ ಕಲ್ಲುಗಳೂ ಮೊದಲಿದ್ದ ಮೂಲೆಗೇ ಬಂದವು. ಎಲ್ಲ ಮುಗಿದಾಗ ಛತ್ರ ಎಷ್ಟು ಚೆನ್ನಾಗಿತ್ತೆಂದರೆ, ದೂರದ ಊರುಗಳಿಂದ ಜನ ಅದನ್ನು ನೋಡಲು ಬಂದರು.

ಆಕೆಗೆ ಹಿಗ್ಗಾಯಿತು. ಹಿಗ್ಗಿನ ಹಿಂದೆಯೇ ಭಯವೂ ಬಂತು. ಬಾಗಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿದಳು. ಹೊರಗೆ ನಿಂತು ನೋಡಬಹುದು, ಜಗಲಿಯ ಮೇಲೆ ಕೂರುವಂತಿಲ್ಲ. ದಾರಿಹೋಕರು ಛತ್ರವನ್ನು ಹೊಗಳಿ, ಸೇತುವೆಯ ಕೆಳಗೆ ಹೋಗಿ ಮಲಗುತ್ತಿದ್ದರು.

ಒಂದು ಸಂಜೆ ಮದುವೆಯ ದಿಬ್ಬಣವೊಂದು ಬಂತು. ಗಾಡಿಯ ಅಚ್ಚು ಮುರಿದಿತ್ತು. ಮಳೆ ಹಿಡಿದಿತ್ತು. ಮದುಮಗಳು ನಡುಗುತ್ತಿದ್ದಳು, ವಾಲಗದವರು ವಾದ್ಯಗಳನ್ನು ಪಂಚೆಯಲ್ಲಿ ಸುತ್ತಿಕೊಂಡಿದ್ದರು. ಸೇತುವೆಯ ಕೆಳಗೆ ನೀರು ಏರಿತ್ತು.

ಮದುಮಗಳ ಅಜ್ಜಿ ಹಗ್ಗದ ಬಳಿ ಬಂದು ನಿಂತಳು. "ಇವತ್ತೊಂದು ರಾತ್ರಿ ಇರಲು ಬಿಡು ತಾಯಿ."

"ಅಜ್ಜಿ, ಇದನ್ನು ಉಳಿಸಲು ಬಹಳ ಪಾಡು ಪಟ್ಟಿದ್ದೇನೆ. ನೀವು ಒಲೆ ಹಚ್ಚಿದರೆ ಗೋಡೆಯೆಲ್ಲ ಮಸಿಯಾಗುತ್ತದೆ. ನನ್ನ ಅಜ್ಜನ ಛತ್ರ ಇದು."

ಮುದುಕಿ ಒಳಗೆ ಇಣುಕಿ ನೋಡಿದಳು. ಅವಳ ಮುಖ ಅರಳಿತು. "ಕಡವಿನ ಛತ್ರವಲ್ಲವೇ ಇದು! ನನ್ನ ಮದುವೆಯ ದಿಬ್ಬಣವೂ ದೋಣಿ ತಪ್ಪಿ ಇಲ್ಲೇ ಉಳಿದಿತ್ತು. ನಿನ್ನ ಅಜ್ಜ ನಮ್ಮ ಹೆಸರನ್ನೂ ಕೇಳಲಿಲ್ಲ ಮಗಳೇ. ಊಟ ಆಯಿತೇ ಎಂದು ಕೇಳಿದರು, ಅಷ್ಟೇ."

ವರ್ತಕನ ಮೊಮ್ಮಗಳು ಹಗ್ಗ ಬಿಚ್ಚಲು ಹೋದಳು. ನೆನೆದ ಗಂಟು ಬಿಗಿದುಕೊಂಡಿತ್ತು. ಕುಡುಗೋಲು ತಂದು ಕತ್ತರಿಸಿಬಿಟ್ಟಳು. "ಎಲ್ಲರೂ ಬನ್ನಿ ಒಳಗೆ. ಎಷ್ಟು ಜನಕ್ಕೆ ಅಕ್ಕಿ ಹಾಕಲಿ?" ಎಂದಳು.

ಒಲೆ ಹೊತ್ತಿತು. ಒದ್ದೆ ಸೀರೆಗಳು ತೊಲೆಯಿಂದ ತೊಲೆಗೆ ತೂಗಿದವು. ವಾಲಗದವರು ಮೈ ಬಿಸಿಯಾದ ಕೂಡಲೇ ಊದತೊಡಗಿದರು. ನಡುಗುತ್ತಿದ್ದ ಮದುಮಗಳು ಈಗ ನಕ್ಕಳು.

ಬೆಳಿಗ್ಗೆ ದಿಬ್ಬಣ ಹೊರಟುಹೋದ ಮೇಲೆ ಬಡಗಿ ಬಂದ. ಗೋಡೆಗೆ ಮಸಿ ಹತ್ತಿತ್ತು, ಹೊಸ ಕಂಬಕ್ಕೆ ಅರಿಸಿನದ ಕೈ ಮೂಡಿತ್ತು, ನೆಲದ ತುಂಬ ಕೆಸರಿನ ಹೆಜ್ಜೆ. ಅವನು ತಲೆಯ ಮೇಲೆ ಕೈ ಇಟ್ಟುಕೊಂಡ. ಆಕೆ ನಗುತ್ತ ಅವನ ಮುಂದೆ ಒಂದು ಬಟ್ಟಲು ಪಾಯಸ ಇಟ್ಟಳು. ಅಂದಿನಿಂದ ಆ ಬಾಗಿಲಿಗೆ ಯಾರೂ ಏನನ್ನೂ ಅಡ್ಡ ಕಟ್ಟಲಿಲ್ಲ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಗುರುಗಳೇ, ಆಕೆ ಅಷ್ಟು ಕಷ್ಟಪಟ್ಟು ತಂದ ಛತ್ರವನ್ನು ದಿಬ್ಬಣದವರು ಒಂದೇ ರಾತ್ರಿಯಲ್ಲಿ ಕೆಡಿಸಿದರಲ್ಲ?"

"ಆಕೆ ತಂದದ್ದು ಮರ, ಮಗು. ಛತ್ರವನ್ನು ತಂದವರು ದಿಬ್ಬಣದವರು."