ಕೊಡದೊಳಗೆ ಲೋಳೆ ಕಟ್ಟಿದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಹೊಳೆಗೆ ಹೆಸರಿಡುವವರೇ ಹುಟ್ಟಿರಲಿಲ್ಲ. ಆ ಹೊಳೆಯ ಮಡುವಿನಲ್ಲಿ ಕಣ್ಣಿಗೆ ಕಾಣದಷ್ಟು ಪುಟ್ಟ ಜೀವವೊಂದಿತ್ತು. ಈಗ ನಾವು ಬ್ಯಾಕ್ಟೀರಿಯಾ ಅಂತೀವಲ್ಲ, ಅದೇ ಜಾತಿ.

ಅವರಲ್ಲಿ ಹೆರಿಗೆ ಅಂದರೆ ಅವ್ವನೇ ನಡುವೆ ಸೀಳಿ ಇಬ್ಬರು ಮಕ್ಕಳಾಗುವುದು. ಸೀಳುವ ಮೊದಲು ಈ ಮಡುವಿನ ಅವ್ವ ತನ್ನಲ್ಲಿದ್ದದ್ದನ್ನೆಲ್ಲ ಎರಡು ಪಾಲು ಮಾಡಿದಳು. ಅಳೆಯಲು ಪಾವು ಸೇರು ಎಲ್ಲಿತ್ತು? ಬರೀ ಕಣ್ಣಂದಾಜು. ಒಂದು ಪಾಲಿಗೆ ಚಿಟಿಕೆಯಷ್ಟು ಹೆಚ್ಚು ಬಿತ್ತು.

ಅಷ್ಟಕ್ಕೇ ಒಬ್ಬ ಬಾಲ ತಿರುಗಿಸಿಕೊಂಡು ನೆಟ್ಟಗೆ ಓಡುವವನಾದ. ಅವನು ಓಟಪ್ಪ. ಮುಂದಿನ ಅರ್ಧವಾದ್ದರಿಂದ ಅವನೇ ಅಣ್ಣ. ಇನ್ನೊಬ್ಬ ನಾಲ್ಕು ಮಾರು ಹೋಗಿ ಲಾಗ ಹಾಕುವ, ಮತ್ತೆ ನಾಲ್ಕು ಮಾರು, ಮತ್ತೆ ಲಾಗ. ಅವನು ಲಾಗಪ್ಪ.

ಒಂದು ದಿನ ಮಡುವಿನ ಆಚೆ ದಡಕ್ಕೆ ಅತ್ತಿಹಣ್ಣು ಬಿತ್ತು. ಸಿಹಿ ವಾಸನೆ ಬಂದದ್ದೇ ಓಟಪ್ಪ ಬಾಣದ ಹಾಗೆ ಹೋಗಿ ಮುಟ್ಟಿದ. ಹಣ್ಣು ಮುಗಿಯುವ ಹೊತ್ತಿಗೆ ಲಾಗಪ್ಪ ಉರುಳುತ್ತ ಬಂದ. ಮೀನುಗಳು ಬಿದ್ದು ಬಿದ್ದು ನಕ್ಕವು.

“ಓಟಪ್ಪಾ, ಇವನು ನಿನ್ನ ತಮ್ಮ ಅಲ್ವೇನೋ?” ಎಂದಿತು ಹೊಳೆ.

ಎಲ್ಲರೆದುರು ಓಟಪ್ಪನ ಮುಖ ಸಣ್ಣದಾಯಿತು. “ಯಾರು, ಈ ತಲೆತಿರುಕನಾ? ನಮ್ಮವ್ವನ ಮಗ ಅಲ್ಲವೇ ಅಲ್ಲ” ಎಂದುಬಿಟ್ಟ.

ಲಾಗಪ್ಪ ಒಂದು ಲಾಗ ಹಾಕಿ ಆಚೆ ತಿರುಗಿದ.

ಬೇಸಿಗೆ ಬಂತು. ಹಣ್ಣೆಲ್ಲ ಮುಗಿದು, ಒಂದೇ ಒಂದು ಚೂರು ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ವಾಸನೆ ಹಿಡಿದು ಓಟಪ್ಪ ಓಡಿದ, ದಾಟಿ ಹೋದ. ದೊಡ್ಡ ಸುತ್ತು ಹಾಕಿ ಹಿಂದಕ್ಕೆ ಓಡಿದ, ಮತ್ತೆ ದಾಟಿ ಹೋದ. ಇದ್ದಲ್ಲೇ ತಿರುಗುವುದು ಅವನಿಗೆ ಬರುತ್ತಲೇ ಇರಲಿಲ್ಲ. ಹಸಿವಿಗೆ ಬಾಲ ಸೋತಿತು. ಇನ್ನೊಂದು ಓಟ ಓಡಿದರೆ ಜೀವವೇ ಹೋಗುವಂತಿತ್ತು.

“ಅಣ್ಣಾ, ಇಲ್ಲಿ!”

ಲಾಗಪ್ಪ! ನಾಲ್ಕು ಮಾರು, ಲಾಗ. ನಾಲ್ಕು ಮಾರು, ಲಾಗ. ಸುತ್ತಿ ಸುತ್ತಿ ಅವನು ಆ ಸಂದಿಯ ಬಾಯಲ್ಲೇ ಇದ್ದ. “ನನ್ನ ಬಾಲ ಹಿಡ್ಕೋ. ಅರ್ಧ ನಿಂಗೇ ಇಟ್ಟಿದೀನಿ.”

ಓಟಪ್ಪ ತಿಂದ. “ಅವತ್ತು ನಾನು ಆಡಿದ ಮಾತು...”

“ಬಿಡಣ್ಣ. ಅವ್ವನ ಅರ್ಧ ನಿನ್ನಲ್ಲೇ ಇದೆ. ನಿನ್ನ ಬಿಟ್ಟು ನಾನು ಯಾರ ಹತ್ರ ಹೋಗ್ಲಿ?”

ಬೈದಿದ್ದರೆ ಓಟಪ್ಪ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ತಲೆಯೆತ್ತಲು ಆಗಲಿಲ್ಲ. ಬಾಲ ಕಳಚಿಟ್ಟ. ಬಂಡೆಗೆ ಮುಖ ಒತ್ತಿ ಅಂಟಿಕೊಂಡ. ಮೈಮೇಲೆ ಲೋಳೆಯ ಮುಸುಕು ಎಳೆದುಕೊಂಡ.

ಅದಕ್ಕೇ ಕಂದಾ, ನಾಲ್ಕು ದಿನ ತೊಳೆಯದ ಕೊಡದೊಳಗೆ ಇವತ್ತಿಗೂ ಕೈ ಜಾರುತ್ತದೆ: ಓಟಪ್ಪನ ಮಕ್ಕಳು ಅಲ್ಲಿ ಅದೇ ಲೋಳೆ ಹೊದ್ದು ಗೋಡೆಗೆ ಮುಖವಿಟ್ಟು ಕೂತಿರುತ್ತಾರೆ, ಲಾಗಪ್ಪನ ಮಕ್ಕಳು ಪಕ್ಕದ ನೀರಲ್ಲೇ ಲಾಗ ಹಾಕುತ್ತ, ಅಣ್ಣ ಯಾವಾಗ ತಿರುಗಿ ನೋಡುತ್ತಾನೋ ಎಂದು ಕಾಯುತ್ತಿರುತ್ತಾರೆ.