ದಾಸೋಹದ ಮನೆಯ ಗೋಡೆ

ಹೊಳೆದಂಡೆಯ ಮಠದಲ್ಲಿ ಒಬ್ಬ ಅಜ್ಜ ಇದ್ದರು. ಮಂತ್ರ ಕೇಳಲು ಬಂದವರ ಕೈಗೆ ಅವರು ಗಾರೆ ಮೆತ್ತುವ ಕರಣೆ ಕೊಡುತ್ತಿದ್ದರು.

ಗಾರೆ ಕಲಸಲಾರದೆ ಓಡಿಹೋದವರೇ ಹೆಚ್ಚು. ಕೊಟ್ರೇಶಿ ಮಾತ್ರ ಇಪ್ಪತ್ತೆರಡು ವರ್ಷದಿಂದ ಅಲ್ಲೇ ಉಳಿದಿದ್ದ. ಕಲ್ಲಿನ ಚಕ್ಕೆ ಸಿಡಿದು ಎಡಗಣ್ಣು ಹೋದಾಗಲೂ ಅವನು ಹೆದರಿರಲಿಲ್ಲ. ಗೌಂಡಿಗೆ ಒಂದು ಕಣ್ಣು ಸಾಕು, ಗೋಡೆಯ ನೇರ ನೋಡುವಾಗ ಹೇಗೂ ಇನ್ನೊಂದನ್ನು ಮುಚ್ಚಲೇಬೇಕಲ್ಲ ಎಂದು ನಕ್ಕಿದ್ದ.

ಉಳಿದ ಆ ಬಲಗಣ್ಣಿಗೇ ಹೋದ ವರ್ಷ ಕುತ್ತು ಬಂತು. ಮೊದಲು ಕಿಡಿ ಹಾರಿದಂತಾಯಿತು. ಆಮೇಲೆ ಕಪ್ಪು ಚುಕ್ಕೆಗಳು ತೇಲಿದವು. ಮೂರನೆಯ ದಿನ ಪಕ್ಕದಿಂದ ಕರೀ ತೆರೆಯೊಂದು ಇಳಿಯತೊಡಗಿತು.

ಕಣ್ಣೊಳಗಿನ ಪರದೆ ಕಳಚಿಕೊಂಡಿದೆ ಎಂದು ಪಟ್ಟಣದ ಡಾಕ್ಟರು ಅವತ್ತೇ ಆಪರೇಷನ್ ಮಾಡಿದರು. ಕಣ್ಣೊಳಗೆ ಗ್ಯಾಸ್ ತುಂಬಿ, ಹದಿನೈದು ದಿನ ಮುಖ ಕೆಳಗೆ ಮಾಡಿಯೇ ಇರಿಸಿದರು. ಉಂಡದ್ದು, ಮಲಗಿದ್ದು, ಬಂದವರ ಹತ್ತಿರ ಮಾತಾಡಿದ್ದು ಎಲ್ಲ ನೆಲ ನೋಡಿಕೊಂಡೇ.

ಪರದೆ ಮತ್ತೆ ಅಂಟಿತು. ಆದರೆ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಮುದುರಿದ ಕಾಗದವನ್ನು ಎಷ್ಟು ತೀಡಿ ಅಂಟಿಸಿದರೂ ಒಂದು ಸುಕ್ಕು ಉಳಿಯುತ್ತದೆ, ನೆಟ್ಟಗಿರುವುದು ಇನ್ನು ಡೊಂಕಾಗಿ ಕಾಣಬಹುದು, ಕಡಿಮೆಯಾದರೂ ಆದೀತು, ಆಗದೆಯೂ ಇರಬಹುದು ಎಂದರು.

ಕಡಿಮೆಯಾಗಲಿಲ್ಲ. ಬಾಗಿಲ ಚೌಕಟ್ಟು ನಡು ಬಾಗಿಸಿ ನಿಂತಿರುತ್ತಿತ್ತು. ಎದುರಿಗಿದ್ದವರ ಒಂದು ಕೆನ್ನೆ ಒಳಕ್ಕೆ ಹೋಗಿರುತ್ತಿತ್ತು. ಲೋಟಕ್ಕೆಂದು ಸುರಿದ ನೀರು ನೆಲಕ್ಕೆ ಬೀಳುತ್ತಿತ್ತು.

ಆರು ತಿಂಗಳಾದ ಮೇಲೆ ಡಾಕ್ಟರು, ಭಾರ ಮಾತ್ರ ಎತ್ತಬೇಡ, ಕೆಲಸಕ್ಕೆ ಹೋಗು ಎಂದರು. ಕೊಟ್ರೇಶಿ ಮಠಕ್ಕೆ ಮರಳಿದ. ಒಳಗೊಳಗೇ ಅವನಿಗೆ ಬಹಳ ಭಯವಿತ್ತು. ಗೋಡೆ ಕಟ್ಟುವುದು ಬಿಟ್ಟರೆ ತಾನು ಯಾರು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಬಂದವರೆಲ್ಲ ಕೂತು ಉಣ್ಣುವ ದಾಸೋಹದ ಮನೆಯಲ್ಲಿ ಒಂದು ಕಡೆಯ ಗೋಡೆ ಬಿದ್ದುಹೋಗಿತ್ತು. ಅದನ್ನು ಕಟ್ಟು ಎಂದರು ಅಜ್ಜ, ಅಷ್ಟೆ. ಕಲ್ಲು ಎತ್ತಿಕೊಡಲು ನಾಲ್ವರು ಆಳುಗಳಿದ್ದರು.

ಎಡವಟ್ಟಾದದ್ದು ಮೊದಲ ದಿನವೇ. ಕೊಟ್ರೇಶಿ ತೂಕದ ಗುಂಡು ಇಳಿಬಿಟ್ಟ. ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ಗೌಂಡಿಗೆ ಹೇಳುವುದು, ದಾರದ ತುದಿಗೆ ಕಟ್ಟಿದ ಆ ಕಬ್ಬಿಣದ ಗುಂಡೇ. ಇವತ್ತು ಅವನ ಕಣ್ಣಿಗೆ ದಾರವೇ ಕುಡುಗೋಲಿನ ಹಾಗೆ ಬಾಗಿ ನಿಂತಿತ್ತು.

ಎಲ್ಲಿತ್ತೋ ಆ ಸಿಟ್ಟು, ಗುಂಡನ್ನು ಸುತ್ತಿ ಚೀಲದ ತಳಕ್ಕೆ ತುರುಕಿದ. ಡೊಂಕು ದಾರ ಕಟ್ಟಿಕೊಂಡು ಏನಾಗಬೇಕು, ಕಣ್ಣಿಗೆ ನೆಟ್ಟಗೆ ಕಾಣುವ ಹಾಗೆ ಕಟ್ಟಿದರಾಯಿತು ಎಂದುಕೊಂಡ.

ಹಾಗೇ ಕಟ್ಟಿದ. ಡೊಂಕು ಕಂಡ ಕಲ್ಲನ್ನು ಸರಿಸಿದ, ಕಿತ್ತು ಮತ್ತೆ ಇಟ್ಟ. ಒಂಬತ್ತು ದಿನಕ್ಕೆ ಗೋಡೆ ಆಳೆತ್ತರ ದಾಟಿತು. ಅವನ ಕಣ್ಣಿಗೆ ಅದು ಗೆರೆ ಎಳೆದಷ್ಟು ನೆಟ್ಟಗಿತ್ತು. ಎಷ್ಟೋ ತಿಂಗಳಾದ ಮೇಲೆ ಅವನಿಗೆ ನೆಟ್ಟಗೆ ಕಂಡ ಒಂದೇ ವಸ್ತು ಅದು. ನೋಡುತ್ತ ನಿಂತು ಕಣ್ಣೊರೆಸಿಕೊಂಡ.

ಅಡುಗೆಯ ಹಾಲವ್ವ ಸುಮ್ಮನಿರುವವಳಲ್ಲ. ಗೋಡೆ ಹೊರಗೆ ವಾಲೈತಲ್ಲಣ್ಣ ಎಂದಳು. ನೀನು ನಿನ್ನ ರೊಟ್ಟಿ ನೋಡ್ಕೊ ಎಂದು ಕೊಟ್ರೇಶಿ ಹರಿಹಾಯ್ದ. ಆಳುಗಳು ಮುಖ ಮುಖ ನೋಡಿಕೊಂಡರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನ ಹತ್ತಿರ ಯಾರು ವಾದ ಮಾಡುತ್ತಾರೆ? ಹಾಲವ್ವ ಕೈ ತೊಳೆದುಕೊಂಡು ಸೀದಾ ಅಜ್ಜನ ಬಳಿ ಹೋದಳು.

ಮಾರನೆಯ ಮಧ್ಯಾಹ್ನ ಗೋಡೆಯ ಮೇಲೆ ಚಾವಣಿಯ ಚಪ್ಪಡಿ ಏರಿಸುವುದಿತ್ತು. ಆ ಹೊತ್ತಿಗೆ ಅಜ್ಜ ಒಂದು ಗೋಣಿಚೀಲ ಹಿಡಿದು ಬಂದರು. ಗೋಡೆಯ ಹೊರಮಗ್ಗುಲಿಗೆ, ಅದರ ಬುಡದಲ್ಲೇ ಚೀಲ ಹಾಸಿ ಕೂತರು. ಊಟ ಇಲ್ಲಿಗೇ ತಾ ಎಂದು ಹಾಲವ್ವನಿಗೆ ಹೇಳಿದರು.

ಹಾಲವ್ವ ತಟ್ಟೆ ಇಟ್ಟವಳೇ ಹಿಂದೆ ಸರಿದಳು. ಆಳುಗಳು ಹೊತ್ತು ತಂದ ಚಪ್ಪಡಿಯನ್ನು ಅಲ್ಲೇ ಇಳಿಸಿ ದೂರ ನಿಂತರು. ಮೇಲಿನಿಂದ ಒಂದು ಹಿಡಿ ಮಣ್ಣು ಅಜ್ಜನ ಹೆಗಲ ಮೇಲೆ ಉದುರಿತು. ಅವರು ಅದನ್ನು ಕೊಡವಿಕೊಳ್ಳದೆ ರೊಟ್ಟಿ ಮುರಿದರು.

"ಗೋಡೆ ನೆಟ್ಟಗೈತಾ ಕೊಟ್ರೇಶಿ?"

ಕೊಟ್ರೇಶಿ ನೋಡಿದ. ನೆಟ್ಟಗೇ ಇತ್ತು. ಆದರೆ ಹಾಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆಳುಗಳು ಅವನನ್ನಲ್ಲ, ಗೋಡೆಯ ತುದಿಯನ್ನೇ ನೋಡುತ್ತಿದ್ದರು.

"ಮೊದಲು ಈ ಕಡೆ ಬರ್ರಿ ಅಜ್ಜಾ."

"ನೆಟ್ಟಗಿದ್ರೆ ಯಾಕೆ ಬರಲಿ?"

"ನನ್ನ ಕಣ್ಣಿಗೇನೋ ನೆಟ್ಟಗೈತೆ."

"ನಾನು ಕೇಳಿದ್ದು ಗೋಡೆ ಮಾತು. ನೆಟ್ಟಗೈತೆ ಅನ್ನು, ಚಪ್ಪಡಿ ಏರಿಸ್ತಾರೆ. ಡೊಂಕೈತೆ ಅನ್ನು, ನಾನು ಏಳ್ತೀನಿ. ಎರಡರಲ್ಲಿ ಒಂದು ಹೇಳು."

ಡೊಂಕು ಎಂದುಬಿಡಬಹುದಿತ್ತು. ಆದರೆ ಬಾಯಿಮಾತಿಗೆ ಅಂದರೆ ಏಳುವ ಅಜ್ಜ ಅಲ್ಲ ಅವರು, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇನ್ನಷ್ಟು ಮಣ್ಣು ಉದುರಿತು. ಒಂದು ಸಣ್ಣ ಚಕ್ಕೆ ತಟ್ಟೆಯ ಅಂಚಿಗೆ ಬಡಿದು ಹಾರಿತು.

"ನನಗೆ ಗೊತ್ತಾಗ್ತಿಲ್ಲ ಅಜ್ಜಾ," ಎಂದ. ಇಪ್ಪತ್ತೆರಡು ವರ್ಷದಲ್ಲಿ ಗೋಡೆಯ ಬಗ್ಗೆ ಅವನು ಆ ಮಾತು ಆಡಿದ್ದು ಅದೇ ಮೊದಲು.

"ಯಾವುದಕ್ಕೆ ಗೊತ್ತೈತೋ ಅದನ್ನ ಕೇಳು," ಎಂದರು ಅಜ್ಜ. ರೊಟ್ಟಿಯನ್ನು ಪಲ್ಯಕ್ಕೆ ಹಚ್ಚಿಕೊಂಡರು.

ಕೊಟ್ರೇಶಿ ತನ್ನ ಚೀಲ ಬೋರಲು ಹಾಕಿ ಗುಂಡು ಹುಡುಕಿ ತೆಗೆದ. ಗೋಡೆಗೆ ತಾಗದಂತೆ ಕಟ್ಟಿದ್ದ ಕೋಲಿನ ಸಾರವೆ ಹತ್ತಿ, ಮೇಲಿನ ಕಲ್ಲಿನಿಂದ ದಾರ ಇಳಿಬಿಟ್ಟ. ಗುಂಡು ತೂಗಾಡಿ ತೂಗಾಡಿ ನಿಂತಿತು. ದಾರ ಮತ್ತೆ ಅದೇ ಕುಡುಗೋಲು. ಪಕ್ಕದಲ್ಲಿ ಗೋಡೆ ಗೆರೆ ಎಳೆದ ಹಾಗೆ ನೆಟ್ಟಗೆ.

ಗಾಳಿ ಇರಲಿಲ್ಲ. ಕಬ್ಬಿಣ ತೂಗಿದ ದಾರ ತಾನಾಗಿ ಬಾಗುವುದುಂಟೇ? ಇಷ್ಟು ದಿನ ಕಣ್ಣನ್ನೇ ನಂಬಿದ್ದವನು ಈಗ ಅದನ್ನು ಗಟ್ಟಿಯಾಗಿ ಮುಚ್ಚಿಕೊಂಡ. ದಾರಕ್ಕೂ ಗೋಡೆಗೂ ನಡುವೆ ಬೆರಳಿಟ್ಟು ನೋಡಿದ. ಮೇಲೆ ಬೆರಳೂ ತೂರಲಿಲ್ಲ. ಗೋಡೆ ನೆಟ್ಟಗಿದ್ದರೆ ಕೆಳಗೂ ತೂರಬಾರದು.

ತಡವರಿಸುತ್ತ ಕೆಳಗಿಳಿದ. ಅಜ್ಜನ ಪಕ್ಕದಲ್ಲಿ ಮೊಣಕಾಲೂರಿ, ಗುಂಡಿನ ಹತ್ತಿರ ಕೈ ಹಾಕಿದ. ಇಡೀ ಮುಷ್ಟಿ ಸಲೀಸಾಗಿ ಒಳಗೆ ಹೋಯಿತು.

"ಡೊಂಕೈತೆ. ಏಳ್ರಿ ಅಜ್ಜಾ, ನಿಮ್ಮ ಕಾಲಿಗೆ ಬೀಳ್ತೀನಿ."

ಅಜ್ಜ ತಟ್ಟೆ ಎತ್ತಿಕೊಂಡು ಎದ್ದು ಬಂದರು. ಗೋಣಿಚೀಲ ಅಲ್ಲೇ ಉಳಿಯಿತು. ಗೋಡೆ ಬಿಚ್ಚಲೆಂದು ಆಳೊಬ್ಬ ಒಳಗಿನಿಂದ ಮೇಲಿನ ಸಾಲಿಗೆ ಕೈ ಹಾಕಿದ್ದೇ ತಡ, ಎರಡು ಕಲ್ಲು ಜಾರಿ ಆ ಚೀಲದ ಮೇಲೆ ಬಿದ್ದವು.

ಸಂಜೆಯೊಳಗೆ ಗೋಡೆಯನ್ನು ಬುಡದವರೆಗೂ ಬಿಚ್ಚಿದರು. ಕೊಟ್ರೇಶಿ ಹಾಲವ್ವನಿಗೆ ಕೈ ಮುಗಿದ. ಆಮೇಲೆ ಹೊಳೆಗೆ ಹೋಗಿ ಕರಣೆ ತೊಳೆದು, ಒರೆಸಿ, ತಂದು ಅಜ್ಜನ ಪಾದದ ಬಳಿ ಇಟ್ಟ. ಮಗುವನ್ನು ಬಿಟ್ಟುಕೊಡುವವನ ಹಾಗೆ ಅಳುತ್ತಿದ್ದ.

"ಬೆರಳಿಟ್ಟು ನೋಡಿ ಕೆಡವಬಹುದು ಅಜ್ಜಾ. ಕಲ್ಲು ಕಲ್ಲಿಗೂ ನೋಡ್ತಾ ಕಟ್ಟೋಕೆ ಕಣ್ಣು ಬೇಕು. ನನ್ನ ಕಣ್ಣಿಗೆ ದಾರಾನೇ ಡೊಂಕು. ಇನ್ನು ನೆಟ್ಟಗೆ ಹೆಂಗೆ ಕಟ್ಟಲಿ?"

ಅಜ್ಜ ಎದ್ದು ಹೋಗಿ ಸಾರವೆಯ ಕೋಲಿಗೆ ಗುಂಡು ಇಳಿಬಿಟ್ಟರು. ಬುಡದ ಕಲ್ಲಿನ ಪಕ್ಕದಲ್ಲಿ ಅದು ಅಲುಗಾಡುವುದನ್ನು ನಿಲ್ಲಿಸುವ ತನಕ ಕಾದರು. ಕರಣೆ ಎತ್ತಿ ಅವನ ಕೈಯಲ್ಲಿಟ್ಟರು.

"ನೆಟ್ಟಗೆ ಕಟ್ಟು ಅಂದೋರು ಯಾರು? ಆ ದಾರ ನಿನಗೆ ಎಷ್ಟು ಡೊಂಕಾಗಿ ಕಾಣ್ತೈತೋ, ಅಷ್ಟೇ ಡೊಂಕಾಗಿ ಕಟ್ಟು."